ಸೊಸೆ ಆಫೀಸಿನಲ್ಲಿದ್ದಾಳೆ

ಮೀನಿನವನ ಸ್ಕೂಟರಿನ ಹಾರ್ನ್ ಕೇಳಿದರೆ ದೇರೆಬೈಲಿನ ಆ ಓಣಿಯಲ್ಲಿ ಯಾರೂ ಕುಳಿತಲ್ಲಿ ಕುಳಿತಿರುವುದಿಲ್ಲ. ಅಪ್ಪಿಯಕ್ಕನಂತೂ ಪಾತ್ರೆ ಹಿಡಿದು ಓಡುತ್ತಾರೆ. ಆವತ್ತು ಓಡಿದ್ದು ಸಾಲದೆ, ಬಂಗುಡೆ ತುಂಬಿದ ಪಾತ್ರೆಯೊಂದಿಗೆ ನೇರ ಸೊಸೆಯ ಕೋಣೆಗೇ ನುಗ್ಗಿದರು.

"ದೀಕ್ಷಿತಾ, ಇದನ್ನು ಸ್ವಲ್ಪ ಕ್ಲೀನ್ ಮಾಡು. ಹೇಗೂ ಮನೆಯಲ್ಲೇ ಇದ್ದಿಯಲ್ಲ!"

ಕಂಪ್ಯೂಟರಿನ ಪರದೆಯ ಮೇಲೆ ಮ್ಯಾನೇಜರ್ ಸರ್ವೋತ್ತಮ ಇದ್ದರು, ದೀಕ್ಷಿತಾಳ ಇಡೀ ತಂಡವೂ ಇತ್ತು. ಬಂಗುಡೆಯ ದರ್ಶನ ಎಲ್ಲರಿಗೂ ಆಯಿತು. "ಮನೆಯಿಂದ ಕೆಲಸ ಅಂದ್ರೆ ಹೀಗೇ ಅಲ್ವಾ?" ಎಂದು ಸರ್ವೋತ್ತಮ ನಕ್ಕರು. ದೀಕ್ಷಿತಾಳ ಮುಖ ಕೆಂಪಾಯಿತು.

ಗ್ರಾಹಕರ ದೂರುಗಳನ್ನು ಫೋನಿನಲ್ಲಿ ಕೇಳಿ ಬಗೆಹರಿಸುವ ತಂಡಕ್ಕೆ ಅವಳು ಮುಖ್ಯಸ್ಥೆ. ಎಲ್ಲರೂ ತಂತಮ್ಮ ಮನೆಗಳಿಂದಲೇ ದುಡಿಯುವವರು. ಇನ್ನು ತನ್ನ ತಂಡವನ್ನು ಯಾರೂ ಆಡಿಕೊಳ್ಳಬಾರದೆಂದು ಹಟ ತೊಟ್ಟ ದೀಕ್ಷಿತಾ ಮರುದಿನವೇ ಕಟ್ಟಪ್ಪಣೆ ಹೊರಡಿಸಿದಳು. ಬೆಳಗಿನಿಂದ ಸಂಜೆವರೆಗೆ ಎಲ್ಲರ ಕ್ಯಾಮೆರಾ ಆನ್ ಇರಬೇಕು. ಏನು ಮಾಡಿದಿರೆಂದು ಗಂಟೆಗೊಮ್ಮೆ ಬರೆದು ಕಳಿಸಬೇಕು.

ಹಟವೇನೋ ಒಳ್ಳೆಯದೇ, ಹಿಡಿದ ದಾರಿ ಮಾತ್ರ ತಪ್ಪು. ತಂಡದವರ ಬಾಯಿಗೆ ಬೀಗ ಬಿತ್ತು. ಒಬ್ಬರನ್ನೊಬ್ಬರು ಕೇಳಿ ಕಲಿಯುತ್ತಿದ್ದವರು ಈಗ 'ಹೂಂ', 'ಆಯ್ತು' ಬಿಟ್ಟರೆ ಮಾತೇ ಆಡಲಿಲ್ಲ. ಬಜಪೆಯ ರೇಚಲ್ ಒಂದು ದಿನ ಕ್ಯಾಮೆರಾ ಆಫ್ ಮಾಡಿದಳೆಂದು ದೀಕ್ಷಿತಾ ಎಲ್ಲರೆದುರೇ ಗದರಿದಳು. ಸಂಜೆ ರೇಚಲಳ ಸಂದೇಶ ಬಂತು: "ಮ್ಯಾಮ್, ಈ ತಿಂಗಳು ಮುಗಿಸಿ ಕೆಲಸ ಬಿಡ್ತೇನೆ."

ಕಿರುಚಾಡುವ ಗ್ರಾಹಕರನ್ನೂ ನಗಿಸಿ ಕಳಿಸುವವಳು ರೇಚಲ್. ಅವಳು ಹೋದರೆ ಉಳಿದವರೂ ನಿಲ್ಲುವುದಿಲ್ಲವೆಂದು ದೀಕ್ಷಿತಾಳಿಗೆ ಗೊತ್ತಿತ್ತು. ಅಳುವೇ ಬಂತು. ಕಂಪೌಂಡಿನಾಚೆ ಒಣಗಿದ ಬಟ್ಟೆ ತೆಗೆಯುತ್ತಿದ್ದ ಪಕ್ಕದ ಮನೆಯ ಬೆನಿಟಾಳ ಹತ್ತಿರ ಹೇಳಿಕೊಂಡಳು. ಬೆನಿಟಾ ಬೇರೊಂದು ಕಂಪನಿಯ ತಂಡವನ್ನು ವರ್ಷಗಳಿಂದ ಮನೆಯಲ್ಲೇ ಕುಳಿತು ನಡೆಸುವವಳು.

"ಕ್ಯಾಮೆರಾ ಯಾಕೆ ಆಫ್ ಮಾಡಿದ್ದು ಅಂತ ಕೇಳಿದ್ಯಾ?"

"ಇಲ್ಲ ಬೆನಿಟಕ್ಕ. ನೋಡದಿದ್ರೆ ಕೆಲಸ ಮಾಡ್ತಾರಾ ಇಲ್ವಾ ಅಂತ ಹೇಗೆ ಗೊತ್ತಾಗುದು?"

"ನಿನ್ನ ಅತ್ತೆ ಹೇಳುದೂ ಅದನ್ನೇ ಅಲ್ವಾ ಮಾರಾಯ್ತಿ? ಮನೆಯಲ್ಲಿ ಇದ್ದವಳಿಗೆ ಎಂತ ಕೆಲಸ ಅಂತ! ಅವರು ನಂಬುದಿಲ್ಲ ಅಂತ ನಿನಗೆ ಉರೀತದೆ. ನೀನು ರೇಚಲಳನ್ನು ನಂಬಿದ್ಯಾ?"

"ಇಲ್ಲ" ಎಂದಳು ದೀಕ್ಷಿತಾ. "ಈಗ ಎಂತ ಮಾಡುದು ಬೆನಿಟಕ್ಕ?"

"ಇವತ್ತಿನ ಕೆಲಸ ಎಂತ ಅಂತ ಬೆಳಿಗ್ಗೆ ಒಟ್ಟಿಗೆ ಮಾತಾಡಿಕೊಳ್ಳಿ. ಆಯ್ತಾ ಅಂತ ಸಂಜೆ ನೋಡು. ನಡುವೆ ಕಾವಲು ಬೇಡ. ಒಳ್ಳೆದು ಮಾಡಿದ್ರೆ ಎಲ್ಲರೆದುರು ಹೆಸರು ಹೇಳಿ ಹೊಗಳು, ತಪ್ಪಾದ್ರೆ ಅವರೊಬ್ಬರನ್ನೇ ಕರೆದು ಹೇಳು. ಮತ್ತೆ ನಾವು ದಿನಾ ಒಟ್ಟಿಗೆ ಚಾ ಕುಡೀತೇವೆ, ಅವರವರ ಮನೆಯಲ್ಲೇ, ಕಂಪ್ಯೂಟರ್ ಎದುರು. ಆಗ ಕೆಲಸದ ಮಾತಿಲ್ಲ. ಒಬ್ಬೊಬ್ಬರೇ ಕೂತು ದುಡಿಯುವವರಿಗೆ ಬೇಜಾರು ಹೇಳ್ಲಿಕ್ಕೆ ಒಂದು ಜಾಗ ಬೇಡ್ವಾ? ಈಗ ಮೊದಲು ಬಜಪೆಗೆ ಹೋಗು."

"ಹೋಗ್ತೇನೆ. ಅವಳನ್ನು ಕಳಕೊಳ್ಳುದಿಲ್ಲ."

ಮರುದಿನ ಮಧ್ಯಾಹ್ನ ರಜೆ ಹಾಕಿ ಸ್ಕೂಟರ್ ತೆಗೆದಾಗ, ವಿಷಯ ಕೇಳಿದ ಅಪ್ಪಿಯಕ್ಕನೂ ಹಿಂದೆ ಹತ್ತಿ ಕುಳಿತರು. "ಮನೆಯಲ್ಲಿ ಕೂತವಳು ಅದೆಂತ ಕೆಲಸ ಬಿಡುದು? ನಾನೂ ನೋಡ್ತೇನೆ."

ನೋಡಿದರು. ರೇಚಲ್ ಹೆಡ್‌ಫೋನ್ ಹಾಕಿಕೊಂಡು ಯಾರದೋ ಬೈಗುಳ ಕೇಳುತ್ತಿದ್ದಳು. "ಸರಿ ಮಾಡಿ ಕೊಡ್ತೇನೆ ಸರ್" ಎನ್ನುತ್ತಾ ಕೈಯಲ್ಲಿ ಟೈಪ್ ಮಾಡುತ್ತಿದ್ದಳು, ಕಾಲಲ್ಲಿ ತೊಟ್ಟಿಲು ತೂಗುತ್ತಿದ್ದಳು. ಮೇಲೆ ವಿಮಾನ ಹಾದ ಸದ್ದಿಗೆ ಮಗು ಎದ್ದು ಅಳತೊಡಗಿತು. ಪಾಪ, ಅವಳು ಏಳುವಂತಿಲ್ಲ. ಅಪ್ಪಿಯಕ್ಕ ಸದ್ದಿಲ್ಲದೆ ಒಳಗೆ ಹೋಗಿ ಮಗುವನ್ನೆತ್ತಿ ಅಂಗಳಕ್ಕೆ ತಂದರು.

"ಅಯ್ಯೋ ದೇವರೇ, ಇಷ್ಟು ಬೈಗುಳ ತಿನ್ನುದಾ? ನೀನೂ ಹೀಗೇನಾ ಮಗಾ?"

"ಹೌದು ಮಾಮಿ, ದಿನಾ" ಎಂದಳು ದೀಕ್ಷಿತಾ.

ಕರೆ ಮುಗಿಸಿ ಬಂದ ರೇಚಲ್ ತಲೆ ತಗ್ಗಿಸಿದಳು. "ಆವತ್ತು ಮಗುವಿಗೆ ಹಾಲು ಕೊಡ್ಲಿಕ್ಕೆ ಕ್ಯಾಮೆರಾ ಆಫ್ ಮಾಡಿದ್ದು ಮ್ಯಾಮ್. ಎಲ್ಲರೆದುರು ಅದನ್ನು ಹೇಗೆ ಹೇಳುದು?"

ದೀಕ್ಷಿತಾಳಿಗೆ ತನ್ನ ಮೇಲೇ ಹೇಸಿಗೆಯಾಯಿತು. "ತಪ್ಪು ನನ್ನದು ರೇಚಲ್. ಎಲ್ಲರೆದುರು ಬೈದಿದ್ದೇನೆ, ಎಲ್ಲರೆದುರೇ ಕ್ಷಮೆ ಕೇಳ್ತೇನೆ. ಕ್ಯಾಮೆರಾದ ರೂಲ್ ಇವತ್ತಿಗೆ ಮುಗೀತು."

ಹೇಳಿದಂತೆಯೇ ಮಾಡಿದಳು. ಸರ್ವೋತ್ತಮ ಹುಬ್ಬೇರಿಸಿದಾಗಲೂ, "ಸಂಜೆ ಕೆಲಸ ನೋಡಿ ಮಾತಾಡಿ ಸರ್" ಎಂದು ಗಟ್ಟಿಯಾಗಿ ನಿಂತಳು. ಕೆಲವು ದಿನಗಳ ನಂತರ, ತಂಡದಲ್ಲಿ ಹೊಸದಾಗಿ ಶುರುವಾದ ಚಾದ ಹೊತ್ತಿಗೆ ರೇಚಲ್ ಒಬ್ಬ ಗ್ರಾಹಕನ ದನಿ ಅನುಕರಿಸಿ ಎಲ್ಲರನ್ನೂ ನಗಿಸಿದಳು. ನಗು ನಿಂತ ಮೇಲೆ ಮೆಲ್ಲನೆ, "ಮ್ಯಾಮ್, ನಾನು ಎಲ್ಲಿಗೂ ಹೋಗುದಿಲ್ಲ" ಎಂದಳು.

ಮೊನ್ನೆ ಪಕ್ಕದ ಪೂವಪ್ಪಣ್ಣ ಬಂದು, "ಸೊಸೆ ಇಲ್ವಾ?" ಎಂದು ಗಟ್ಟಿಯಾಗಿ ಕೇಳಿದರು. ಮುಚ್ಚಿದ ಕೋಣೆಯ ಹೊರಗೆ ಕುಳಿತು ಬಂಗುಡೆ ಕ್ಲೀನ್ ಮಾಡುತ್ತಿದ್ದ ಅಪ್ಪಿಯಕ್ಕ ಬಾಯಿಗೆ ಬೆರಳಿಟ್ಟರು.

"ಮೆಲ್ಲ ಮಾತಾಡಿ ಮಾರಾಯ್ರೆ. ಅವಳು ಆಫೀಸಿನಲ್ಲಿದ್ದಾಳೆ."

ನಿಮ್ಮ ಮನೆಯಲ್ಲೂ ಮುಚ್ಚಿದ ಬಾಗಿಲ ಹಿಂದೆ ಒಬ್ಬರು ದುಡಿಯುತ್ತಿರಬಹುದು, ಬಡಿಯುವ ಮುನ್ನ ಸ್ವಲ್ಪ ತಡೆಯಿರಿ. ತಂಡ ನಡೆಸುವವರೇ, ಕಣ್ಣಿಗೆ ಕಾಣದವರೆಲ್ಲ ಕೆಲಸಗಳ್ಳರಲ್ಲ. ಇವತ್ತೇ ಅವರಲ್ಲಿ ಒಬ್ಬರಿಗೆ ಫೋನ್ ಮಾಡಿ. ಕೆಲಸ ಎಲ್ಲಿಗೆ ಬಂತು ಎಂದು ಆಮೇಲೆ ವಿಚಾರಿಸಿ, ಹೇಗಿದ್ದೀರಿ ಎಂದು ಮೊದಲು ಕೇಳಿ.