ಪುಡಿ ಮಷೀನು

"ಏ ಸೀತೀ, ಇಡ ಕೊಡ್ಲಿ ಕೆಳಗ! ನಿಮ್ಮಪ್ಪ ನೆಟ್ಟ ಹೋಗ್ಯಾನೇನ ಈ ಜಾಲೀನ?"

ಮಡಿವಾಳೆಪ್ಪಗೌಡ ಜೀಪಿನಿಂದ ಇಳಿಯಲೂ ಇಲ್ಲ. ಕೂತಲ್ಲಿಂದಲೇ ಬೈದು ಡ್ರೈವರನಿಗೆ ಕಣ್ಣು ಮಾಡಿದ. ಸೀತವ್ವ ಬೆಳಗಿನಿಂದ ಕಡಿದು ಕಟ್ಟಿಟ್ಟಿದ್ದ ಕಟ್ಟಿಗೆಯ ಹೊರೆಯ ಮೇಲೆ ಜೀಪು ಹತ್ತಿ ಇಳಿಯಿತು. ಹಗ್ಗ ಹರಿದು ಕಟ್ಟಿಗೆ ಚೆಲ್ಲಾಪಿಲ್ಲಿಯಾಯಿತು.

"ಇವತ್ತಿಂದ ಇದು ಕಂಪನಿ ಜಾಗಾ. ಇನ್ನೊಮ್ಮೆ ಕಂಡಿ ಅಂದ್ರ ಹೊರಿ ಮ್ಯಾಲ ಅಲ್ಲ, ನಿನ್ನ ಮ್ಯಾಲ ಹಾಯಸ್ತೇನಿ."

ಕಟಕೋಳದಿಂದ ಸಾಲಹಳ್ಳಿಯ ಕಡೆಗೆ ಹಬ್ಬಿದ್ದ ಆ ಗಾಯರಾಣ ಊರ ದನ ಮೇಯಲೆಂದು ಬಿಟ್ಟ ಜಾಗ. ದನ ಮೇಯುವುದು ಎಂದೋ ನಿಂತು ಬಳ್ಳಾರಿ ಜಾಲಿ ಆಳೆತ್ತರಕ್ಕೂ ಮೀರಿ ಬೆಳೆದಿತ್ತು. ಜಾಲಿಯನ್ನು ಯಾರೂ ಕೇಳುತ್ತಿರಲಿಲ್ಲ, ಕೇರಿಯವರನ್ನೂ ಯಾರೂ ಕೇಳುತ್ತಿರಲಿಲ್ಲ. ಹಾಗಾಗಿ ಎರಡೂ ಕೂಡಿ ಬಾಳುವೆ ಮಾಡಿಕೊಂಡು ಬಂದಿದ್ದವು. ಕಡಿದ ಕಟ್ಟಿಗೆ ರಾಮದುರ್ಗದ ಖಾನಾವಳಿಗಳಿಗೆ, ಸುಟ್ಟ ಇದ್ದಿಲು ಕಮ್ಮಾರರಿಗೆ ಹೋಗುತ್ತಿತ್ತು. ಸೀತವ್ವನ ಗಂಡ ಯಮನಪ್ಪ ಈ ಜಾಲಿಯನ್ನು ಕಡಿದೇ ಬದುಕಿದ್ದ. ಇದರದೇ ಮುಳ್ಳು ಕಾಲಿಗೆ ನೆಟ್ಟು, ಧನುರ್ವಾಯುವಾಗಿ, ಬಿಲ್ಲಿನಂತೆ ಸೆಟೆದು ಸತ್ತಿದ್ದ. ಅವನನ್ನು ಮಣ್ಣು ಮಾಡಿದ್ದೂ ಇದೇ ಗಾಯರಾಣದ ತುದಿಯಲ್ಲಿ. ಊರಿನವರಿಗೆ ಗೋಡೆ ಕಟ್ಟಿದ ರುದ್ರಭೂಮಿ ಇತ್ತು. ಕೇರಿಯಲ್ಲಿ ಸತ್ತವರಿಗೆ ಜಾಲಿಯ ನೆರಳೇ ಗತಿ.

ಎರಡು ಸಾವಿರದ ಏಳನೇ ಇಸವಿಯಲ್ಲಿ ಅಷ್ಟೂ ಜಾಗ ಸಕ್ಕರೆ ಕಂಪನಿಯೊಂದರ ಪಾಲಾಯಿತು. ಜಾಲಿ ತೆಗೆದು ಬಯಲು ಮಾಡಿಕೊಡುವ ಗುತ್ತಿಗೆ ಗೌಡನ ಪಾಲಾಯಿತು.

ಮುಂದಿನ ವಾರ ಎರಡು ದೊಡ್ಡ ಲಾರಿಗಳಲ್ಲಿ ಎರಡು ಮಷೀನು ಬಂದವು. ಎರಡನ್ನೂ ಓಡಿಸಿ ನೋಡಿ ಒಂದನ್ನು ಇಟ್ಟುಕೊಳ್ಳುವುದೆಂದು ಮಾತಾಗಿತ್ತು. ಕಂಪನಿಯ ಇಂಜಿನಿಯರ್ ಬೆಳಗಾವಿಯಿಂದ ಬಂದಿದ್ದ. ಚಾಕರಿಗೆ ಕೇರಿಯವರಿಗೆ ಹೇಳಿಕಳಿಸಿದ್ದರು. ಬಿಸಿಲಿಗೆ ಇಂಜಿನಿಯರ್ ಬೆವರು ಒರೆಸಿಕೊಳ್ಳುವುದನ್ನು ಕಂಡು ಸೀತವ್ವ ನೀರಿನ ಕೊಡ ಹಿಡಿದು ಮುಂದೆ ಬಂದಳು. ಅವನು ಕೈ ಚಾಚಿಯೂ ಇದ್ದ.

"ಹೇ ಹೇ! ಸಾಹೇಬ್ರಿಗೆ ಕೇರಿ ನೀರ ಕುಡಸ್ತಿಯೇನ ರಂಡೆ?" ಗೌಡ ನಡುವೆ ಬಂದ. "ಮಷೀನಿಗೆ ಹೊಯ್ಯಿ. ಅದಕ್ಕ ಜಾತಿ ಇಲ್ಲ."

ಇಂಜಿನಿಯರ್ ಕೈ ಹಿಂದಕ್ಕೆ ಎಳೆದುಕೊಂಡ. ಸೀತವ್ವ ನೀರನ್ನು ಮಷೀನಿಗೆ ಹೊಯ್ದಳು.

ಮೊದಲು ಬುಲ್ಡೋಜರ್ ಹೊರಟಿತು. ಜಾಲಿಗಿಡಗಳನ್ನು ಬೇರು ಸಮೇತ ಕಿತ್ತು, ಹೊರಳಿಸಿ, ಬದಿಗೆ ಒಟ್ಟುತ್ತ ಹೋಯಿತು. ಬೆಟ್ಟದಂತೆ ಕಟ್ಟಿಗೆ ಬಿತ್ತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಕೆಂಚವ್ವ ಸೀತವ್ವನ ಮಗ್ಗುಲು ತಿವಿದು, "ಯವ್ವಾ, ಕಡಿಯೂದ ತಪ್ಪಿತಲ್ಲ! ಎರಡ ವರ್ಷ ಒಲಿಗೆ ಚಿಂತಿಲ್ಲ" ಎಂದು ನಕ್ಕಳು.

ಆ ನಗೆ ಗೌಡನ ಕಣ್ಣಿಗೆ ಬಿತ್ತು.

ಎರಡನೆಯದು ಬೇರೆ ತರಹದ್ದು. ಚೈನಿನ ಮೇಲೆ ನಡೆಯುವಂಥದ್ದು. ಮುಂದೆ ಅಡ್ಡಲಾಗಿ ಒಂದು ದಪ್ಪ ಉರುಳೆ, ಉರುಳೆಯ ತುಂಬ ಉಕ್ಕಿನ ಹಲ್ಲು. ಸವದತ್ತಿಯ ಏಜಾಜ ಅದರ ಡ್ರೈವರ್. ಅವನು ಉರುಳೆಯನ್ನು ಮೇಲೆತ್ತಿ ತಿರುಗಿಸಿದಾಗ ಎದ್ದ ಸದ್ದಿಗೆ ಕಿವಿ ಕಿವುಡಾಯಿತು. ದೊಡ್ಡ ಜಾಲಿಯೊಂದರ ನೆತ್ತಿಯಿಂದ ಹಿಡಿದು ಬುಡದವರೆಗೆ ಉರುಳೆ ಇಳಿಯಿತು. ಗಿಡ ಬೀಳಲಿಲ್ಲ, ನಿಂತಲ್ಲೇ ಇಲ್ಲವಾಯಿತು. ನೆಲದ ಮೇಲೆ ಹಸಿ ಪುಡಿ ಮಾತ್ರ ಉಳಿಯಿತು.

"ಬುಲ್ಡೋಜರ್ ಸಾಕ್ರಿ ಗೌಡ್ರ," ಇಂಜಿನಿಯರ್ ಹೇಳಿದ. "ಲಗೂನ ಮುಗಸ್ತದ. ಇದು ಭಾರಿ ಮಷೀನು, ಡೀಸಲ್ ಬಾಳ ಕುಡಿತದ. ಕಲ್ಲ ಸಿಕ್ರ ಹಲ್ಲ ಮುರಿತಾವ. ಇಲ್ಲಿ ಎಲ್ಲಿ ನೋಡಿದ್ರೂ ಕಲ್ಲ ಅದಾವ."

"ಕಿತ್ತ ಗಿಡಾ ಏನ ಮಾಡೂದ್ರಿ?"

"ಈ ಮಂದಿ ಹೊತ್ಕೊಂಡ ಹೋಗ್ಲಿ. ನಮ್ಮ ಕೆಲಸಾನೂ ಹಗರ ಆಗ್ತದ."

ಗೌಡ ಎಲೆಯಡಿಕೆ ಉಗುಳಿ ಹೆಂಗಸರ ಕಡೆ ಕೈ ಮಾಡಿದ. "ಇವಕ್ಕ ಅಷ್ಟ ಕಟಿಗಿ ಕೊಟ್ರ ಮನ್ಯಾಗ ಕುಂತ ತಿಂತಾವ್ರಿ. ಹೊಟ್ಟಿ ತುಂಬಿದ್ರ ನನ್ನ ಕಬ್ಬ ಕಡ್ಯಾಕ ಯಾವ ಭಾಡ್ಯಾ ಬರ್ತಾನ? ಪುಡಿ ಮಾಡೂದ ಇರ್ಲಿ."

"ಕಲ್ಲಿಗೇನ ಮಾಡ್ತೀರಿ?"

"ಆರಸಾಕ ಈ ಸೂಳೀಮಕ್ಳ ಅದಾರಲ್ಲ!"

ಇಂಜಿನಿಯರ್ ನಕ್ಕು ತಲೆಯಾಡಿಸಿದ. ಅಷ್ಟರಲ್ಲೇ ಮುಗಿಯಿತು. ಬುಲ್ಡೋಜರ್ ಮತ್ತೆ ಲಾರಿ ಹತ್ತಿತು. ಅದು ಕಿತ್ತುಹಾಕಿದ್ದ ಕಟ್ಟಿಗೆಯ ಮೇಲೂ ಗೌಡ ಪುಡಿ ಮಷೀನನ್ನೇ ಓಡಿಸಿದ. ಹೊಟ್ಟೆಗಿಲ್ಲದಂತೆ ಮಾಡಲಿಕ್ಕೂ ಮಷೀನು ಆರಿಸುತ್ತಾರೆ ಎಂಬುದು ಸೀತವ್ವನಿಗೆ ಅಂದೇ ಗೊತ್ತಾದದ್ದು.

ಮರುದಿನದಿಂದ ಕೇರಿಯವರೆಲ್ಲ ಕಬ್ಬಿಣದ ಹಾರೆ, ಬುಟ್ಟಿ ಹಿಡಿದು ಮಷೀನಿನ ಮುಂದೆ ಮುಂದೆ ನಡೆದರು. ಮುಳ್ಳಿನೊಳಗೆ ನುಸುಳಿ, ಹಾರೆಯಿಂದ ಕಲ್ಲು ಮೀಟಿ ಎಬ್ಬಿಸಿ, ಹೊತ್ತು ಹೊರಗೆ ಹಾಕಬೇಕು. ಹಿಂದೆಯೇ ಮಷೀನು ಬರುತ್ತಿತ್ತು. ತಮ್ಮ ಅನ್ನಕ್ಕೆ ತಾವೇ ದಾರಿ ಮಾಡಿಕೊಟ್ಟು ಪುಡಿ ಮಾಡಿಸಿದಂತಿತ್ತು ಆ ದುಡಿಮೆ. ಕೆಂಚವ್ವ ಒಂದು ದಿನ ಸೆರಗಿನ ತುಂಬ ಪುಡಿ ಕಟ್ಟಿಕೊಂಡು ಹೋಗಿ ಒಲೆಗೆ ಹಾಕಿದಳು. ಮನೆಯೆಲ್ಲ ಹೊಗೆಯಾಯಿತೇ ಹೊರತು ರೊಟ್ಟಿ ಬೇಯಲಿಲ್ಲ. ಗೌಡನಿಗೆ ಮಾತ್ರ ಮಷೀನಿನ ಮೇಲೆ ಮನಸ್ಸು ಬಿದ್ದಿತ್ತು. ಏಜಾಜನನ್ನು ಪಕ್ಕಕ್ಕೆ ಸರಿಸಿ, ಕಲಿಯುತ್ತೇನೆಂದು ತಾನೇ ಕೂತು ಓಡಿಸುತ್ತ, ಗಿಡವೊಂದು ಪುಡಿಯಾದಾಗಲೆಲ್ಲ ಕೇಕೆ ಹಾಕುತ್ತಿದ್ದ.

ಹೀಗೆ ಹೋಗುತ್ತ ಹೋಗುತ್ತ ಗಾಯರಾಣದ ತುದಿ ಬಂತು.

ಅಲ್ಲಿ ಜಾಲಿಯ ಬುಡದಲ್ಲಿ ಗೋರಿಗಳಿದ್ದವು. ಒಂದೊಂದರ ತಲೆದೆಸೆಗೂ ಒಂದೊಂದು ಕಲ್ಲು. ಎಲ್ಲರೂ ನಿಂತುಬಿಟ್ಟರು. ಕೇರಿಯ ಹಿರಿಯ ಭರಮಪ್ಪ ತಲೆಯ ರುಮಾಲು ಬಿಚ್ಚಿ ಗೌಡನ ಮುಂದೆ ಹಾಸಿದ.

"ಎಪ್ಪಾ, ಇದೊಂದ ತುಣುಕ ಬಿಡ್ರಿ. ನಮ್ಮ ಹಿರ್ಯಾರು ಮಲಗ್ಯಾರ್ರಿ ಇಲ್ಲಿ."

"ಎದ್ದ ಹೋಗಂತ ಹೇಳ!" ಗೌಡ ರುಮಾಲಿನ ಮೇಲೆ ಕಾಲಿಟ್ಟು ದಾಟಿ, ಹೊಸ ಗೋರಿಯ ಕಲ್ಲನ್ನು ಬೂಟಿನಿಂದ ಒದ್ದ. ಅದು ಯಮನಪ್ಪನದು. "ಇದೂ ಕಲ್ಲ. ಕಲ್ಲ ಆರಸಾಕ ಕೂಲಿ ಕೊಡ್ತೇನಿ. ಎಬ್ಬಸ, ಸೀತೀ."

ಸೀತವ್ವ ಹಾರೆ ಹಿಡಿದು ಗೋರಿಗೆ ಅಡ್ಡ ನಿಂತಳು.

"ಕೇಳಲಿಲ್ಲೇನ?"

"ಎಬ್ಬಸೂದಿಲ್ಲ."

ಕೆನ್ನೆಗೆ ಬಿದ್ದ ಏಟಿಗೆ ಅವಳ ಬಾಯಲ್ಲಿ ರಕ್ತ ಬಂತು. ಗೌಡ ಮಷೀನಿನ ಕಡೆ ತಿರುಗಿದ.

"ಏಜಾಜ! ಕಲ್ಲ ಸಮೇತ ಹತ್ತಸ!"

ಏಜಾಜ ಲಿವರಿನ ಮೇಲಿದ್ದ ಕೈ ತೆಗೆದ. "ಕುಣಿ ಮ್ಯಾಲ ನಾ ಹತ್ತಸೂದಿಲ್ರಿ. ನಾಳೆ ನಮ್ಮ ಕಬರಸ್ತಾನಕ್ಕೂ ಹತ್ತಸ ಅಂತೀರಿ."

"ಇಳಿಯೋ ಹಲ್ಕಟ್!"

ಏಜಾಜ ಇಳಿದ. ಗೌಡ ಹತ್ತಿ ಕೂತ. ಉರುಳೆ ತಿರುಗತೊಡಗಿತು. ಮೇಲಿನ ಜಾಲಿ ಪುಡಿಯಾಗಿ ಸೀತವ್ವನ ತಲೆಯ ಮೇಲೆ, ಗೋರಿಯ ಮೇಲೆ ಉದುರಿತು. ಹೆದರಿ ಓಡಲಿ ಎಂದು ಗೌಡ ಮಷೀನನ್ನು ತಡೆತಡೆದು ಮುಂದೆ ಬಿಡುತ್ತಿದ್ದ. ಗಾಜಿನ ಹಿಂದೆ ಅವನು ನಗುತ್ತಿದ್ದುದು ಅವಳಿಗೆ ಚೆನ್ನಾಗಿ ಕಂಡಿತು. ಗಂಡ ಸೆಟೆದು ಸಾಯುವಾಗಲೂ ಅವಳಿಗೆ ಇಷ್ಟು ಸಿಟ್ಟು ಬಂದಿರಲಿಲ್ಲ.

ಒಂದು ಹೆಜ್ಜೆ ಬದಿಗೆ ಸರಿದಳು. ಹೆದರಿದಳೆಂದು ಗೌಡ ಮಷೀನನ್ನು ಬೀಸಾಗಿ ಬಿಟ್ಟ. ಸೀತವ್ವ ಕೈಯಲ್ಲಿದ್ದ ಹಾರೆಯನ್ನು ಎರಡೂ ಕೈಯಿಂದ ಎತ್ತಿ ತಿರುಗುವ ಉರುಳೆಯೊಳಗೆ ತುರುಕಿದಳು.

ಅಂಗೈಯ ಚರ್ಮವನ್ನೂ ಕಿತ್ತುಕೊಂಡೇ ಹಾರೆ ಒಳಗೆ ಹೋಯಿತು. ಕಬ್ಬಿಣಕ್ಕೆ ಕಬ್ಬಿಣ ಬಡಿದು, ಮಷೀನಿನ ಮೈಯೆಲ್ಲ ಅದುರಿತು. ಮುರಿದ ಹಲ್ಲೊಂದು ಸಿಡಿದು ಗೌಡನ ಮುಂದಿನ ಗಾಜಿಗೆ ಬಡಿಯಿತು. ಇಂಜಿನ್ನು ಒಮ್ಮೆ ಒದರಿ ನಿಂತೇಹೋಯಿತು.

ಗೌಡ ಸೀಳಿದ ಗಾಜಿನ ಹಿಂದೆ ಬಾಯಿ ತೆರೆದುಕೊಂಡು ಕೂತಿದ್ದ. ಸೀತವ್ವನ ಎರಡೂ ಕೈಗಳಿಂದ ರಕ್ತ ಸುರಿದು ಹಸಿ ಪುಡಿಯಲ್ಲಿ ಇಂಗುತ್ತಿತ್ತು.

ಹಿಂದಿನಿಂದ ಕೆಂಚವ್ವ ಬಂದಳು. ಭುಜದ ಮೇಲೆ ತನ್ನ ಹಾರೆ ಇತ್ತು. ಅವಳ ಬೆನ್ನಿಗೆ ಇನ್ನಷ್ಟು ಹೆಂಗಸರು, ಎಲ್ಲರ ಕೈಯಲ್ಲೂ ಹಾರೆ. ಕೆಂಚವ್ವ ಗೌಡನ ಕಡೆ ನೋಡಲಿಲ್ಲ. ಬಗ್ಗಿ, ಸಂತೆಯಲ್ಲಿ ಎತ್ತಿನ ಬಾಯಿ ನೋಡುವಂತೆ, ಉರುಳೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಸೀತವ್ವಾ," ಕೇಳಿದಳು, "ಇನ್ನ ಯಾವ್ಯಾವ ಹಲ್ಲ ಉಳದಾವ ಇದರವು?"