ಪರದೆಯ ಹಿಂದಿನ ವಿಯೋಲ

ಪ್ರತಿ ವರ್ಷ ಜನವರಿ ಕೊನೆಗೆ ವಾಲ್ಟರ್ ಪ್ರೂಯಿಟ್‌ನ ಭುಜ ನೋಯಲು ಶುರುವಾಗುತ್ತಿತ್ತು. ಮಾರ್ಚ್ ಒಂದನೇ ತಾರೀಖಿಗೆ ತಾನಾಗಿ ವಾಸಿಯಾಗುತ್ತಿತ್ತು. ನಡುವಿನ ಫೆಬ್ರವರಿ ಅಮೆರಿಕದಲ್ಲಿ ಕಪ್ಪು ಜನರ ಚರಿತ್ರೆಯ ತಿಂಗಳು. ಡೇಟನ್ ಊರಿನ ಆಲ್ಡರ್ ಬೀದಿ ಸಂಗೀತ ಸಭೆಯವರು ವರ್ಷಕ್ಕೊಮ್ಮೆ ಒಬ್ಬ ಕಪ್ಪು ಸಂಗೀತಕಾರನ ಕೃತಿ ನುಡಿಸುತ್ತಿದ್ದದ್ದು ಆ ತಿಂಗಳಲ್ಲೇ. ಅವರ ನಾಲ್ವರ ಮೇಳದಲ್ಲಿ ವಯಲಿನ್ನಿಗಿಂತ ತುಸು ದೊಡ್ಡದಾದ ವಿಯೋಲ ಹಿಡಿಯುತ್ತಿದ್ದವನು ವಾಲ್ಟರ್. ಅವನ ಭುಜ ನೋಯುವಾಗ ಅವನ ಬದಲು ನುಡಿಸಲು ಕಪ್ಪು ವಾದಕಿ ಮಾರ್ವೆಟ್ ಟಿಸ್ಡೇಲ್‌ಗೆ ಫೋನು ಬರುತ್ತಿತ್ತು. ಆರು ವರ್ಷ ಹೀಗೇ ನಡೆಯಿತು. ಒಂದು ಸಲವಾದರೂ ಆ ಭುಜ ನವೆಂಬರಿನಲ್ಲಿ ನೋಯಲಿಲ್ಲ.

ಕಳೆದ ಬೇಸಿಗೆಯಲ್ಲಿ ವಾಲ್ಟರ್ ನಿವೃತ್ತನಾದ. ಕುರ್ಚಿ ಖಾಲಿಯಾಯಿತು. ಮಾರ್ವೆಟ್ ಮೂವತ್ತಾರು ವರ್ಷದವಳು. ಶಾಲೆ ಮಕ್ಕಳಿಗೆ ವಯಲಿನ್ ಹೇಳಿಕೊಡುತ್ತಾ, ಮದುವೆ ಮನೆಗಳಲ್ಲಿ ನುಡಿಸುತ್ತಾ ಆ ಕುರ್ಚಿಯನ್ನೇ ನೋಡುತ್ತಾ ಬಂದವಳು. ಒಂದು ತಿಂಗಳಿಗಲ್ಲ, ಹನ್ನೆರಡು ತಿಂಗಳಿಗೂ ಅದು ಅವಳಿಗೆ ಬೇಕಿತ್ತು. ಅರ್ಜಿ ಬರೆದು ಮೇಜಿನ ಮೇಲಿಟ್ಟಿದ್ದಳು. ಅಂಚೆಗೆ ಹಾಕುವ ಮೊದಲೇ ಸಭೆಯ ಅಧ್ಯಕ್ಷೆ ಮಿಸೆಸ್ ಕಾನ್‌ಸ್ಟೆನ್ಸ್ ಹೇವರ್ಲಿ ಫೋನು ಮಾಡಿದಳು.

"ಮಾರ್ವೆಟ್, ನಮ್ಮ ಸಭೆ ಇನ್ಮೇಲೆ ಎಲ್ಲರನ್ನೂ ಒಳಗೆ ಸೇರಿಸ್ಕೋಬೇಕು ಅಂತ ತೀರ್ಮಾನ ಮಾಡಿದೀವಿ. ಅದಕ್ಕೇ ಒಂದು ಸಮಿತಿ. ಹೊಸ ವಿಯೋಲದವರನ್ನ ಆ ಸಮಿತೀನೇ ಆರಿಸುತ್ತೆ. ಸಮಿತೀಲಿ ಕಪ್ಪು ಜನಾಂಗದವರು ಒಬ್ಬರಾದ್ರೂ ಇಲ್ದಿದ್ರೆ ಅದು ಊರ್ಜಿತವೇ ಅಲ್ಲ, ಹಾಗಂತ ನಿಯಮಾನೇ ಬರೆದಿದೀವಿ. ನೀವಿಲ್ದೆ ಹೇಗೆ ಹೇಳಿ?"

ಎದುರಿಗೆ ಯಾರಾದರೂ ಸಿಹಿಯಾಗಿ ಮಾತಾಡಿದರೆ ಮಾರ್ವೆಟ್‌ಗೆ ಇಲ್ಲ ಎನ್ನಲು ಬಾಯಿ ಬರುತ್ತಿರಲಿಲ್ಲ. ಹೂಂ ಅಂದಳು. ಮರುದಿನ ಅರ್ಜಿ ಕಳಿಸಿದಳು. ಮೂರನೆಯ ದಿನ ಅದು ವಾಪಸು ಬಂತು, ಜೊತೆಗೊಂದು ಚೀಟಿ: ಆಯ್ಕೆ ಸಮಿತಿಯ ಸದಸ್ಯರು ತಾವೇ ಸ್ಪರ್ಧಿಸುವಂತಿಲ್ಲ, ನ್ಯಾಯ ಎಲ್ಲರಿಗೂ ಒಂದೇ, ನಿಮಗೆ ಅರ್ಥವಾಗುತ್ತದೆಂದು ನಂಬಿದ್ದೇವೆ.

ಅವಳ ಸೋದರತ್ತೆ ಅರ್ಲೀನ್‌ಗೆ ಮಾತ್ರ ಅರ್ಥವಾಗಲಿಲ್ಲ. ಅರ್ಲೀನ್ ಕೂದಲ ಅಂಗಡಿ ಇಟ್ಟವಳು. ಮಾರ್ವೆಟ್‌ಳ ಜಡೆ ಹೆಣೆಯುತ್ತಾ ಕೇಳಿದಳು, "ಅಲ್ಲ ಕಣೇ, ಕರಿಯರು ಒಳಗೆ ಬರ್ಲಿ ಅಂತ ಸಮಿತಿ ಮಾಡಿದ್ರು. ಬರೋಕೆ ತಯಾರಾಗಿ ಇದ್ದೋಳು ನೀನೊಬ್ಳು. ನಿನ್ನ ಕರ್ಕೊಂಡ್ಹೋಗಿ ಬಾಗ್ಲು ಕಾಯೋಕೆ ನಿಲ್ಸಿದ್ರಾ?"

"ಬೇಕೂಂತ ಮಾಡಿದ್ದಲ್ಲ ಅತ್ತೆ. ಅವರಿಗೆ ಗೊತ್ತಾಗ್ಲಿಲ್ಲ."

"ಅದೇ ಮಗಳೇ ನಾನು ಹೇಳೋದು. ಬೇಕೂಂತ ಮಾಡೋರನ್ನ ಬೈದು ಬಿಡಬಹುದು. ಇವರನ್ನ ಬೈದ್ರೆ ನಮಗೇ ನಾಚಿಕೆ ಆಗುತ್ತೆ. ತಲೆ ನೆಟ್ಟಗಿಡು."

ಪರೀಕ್ಷೆ ಜನವರಿಯ ಒಂದು ಶನಿವಾರ, ಚರ್ಚಿನ ಹಜಾರದಲ್ಲಿ. ಯಾರ ಬಣ್ಣವೂ ಕಾಣಬಾರದೆಂದು ಮಿಸೆಸ್ ಹೇವರ್ಲಿ ಅಡ್ಡಕ್ಕೆ ದೊಡ್ಡ ಪರದೆ ಕಟ್ಟಿಸಿದ್ದಳು. ಹೆಜ್ಜೆ ಸಪ್ಪಳದಲ್ಲಿ ಗಂಡೋ ಹೆಣ್ಣೋ ತಿಳಿಯಬಾರದೆಂದು ಕಂಬಳಿ ಹಾಸಿಸಿದ್ದಳು. ದೊಡ್ಡ ವಾದ್ಯವೃಂದಗಳಲ್ಲಿ ಇದು ರೂಢಿ. ಅಲ್ಲಿ ಅಭ್ಯರ್ಥಿ ಒಬ್ಬನೇ ನುಡಿಸುತ್ತಾನೆ. ನಾಲ್ವರ ಮೇಳ ಹಾಗಲ್ಲ. ತಾಳ ಹಾಕುವವರಿಲ್ಲ, ಒಬ್ಬರ ಕಣ್ಣು ಒಬ್ಬರು ನೋಡಿ, ಒಟ್ಟಿಗೆ ಉಸಿರೆಳೆದು ಶುರು ಮಾಡಬೇಕು. ಈಗ ಮೂವರು ಪರದೆಯ ಈಚೆ, ವಿಯೋಲ ಆಚೆ.

"ನಲವತ್ತು ವರ್ಷ ನಾವು ನಾವೇ ಆರಿಸ್ಕೋತಿದ್ವಿ," ಎಂದು ಸೆಲ್ಲೋ ವಾದಕ ಆಟೊ ಬ್ರಾಂಡ್‌ವೋಲ್ಡ್ ಗೊಣಗಿದ. ಎಪ್ಪತ್ತು ದಾಟಿದ ನಾರ್ವೆ ಮೂಲದ ಮುದುಕ. "ಈಗಲೂ ನಿಯಮದಲ್ಲಿ ಹಾಗೇ ಇದೆ. ಸಮಿತಿ ಇಲ್ದಿದ್ರೆ ಉಳಿದ ಮೂರು ಜನರೇ ಆರಿಸ್ಬೇಕು. ಈಗ ಸಮಿತಿ ಇದೆಯಲ್ಲ, ನಾವು ಮೇಜು ಕುರ್ಚಿ ಇದ್ದಂಗೆ."

ಹಿಮ ಬಿದ್ದಿತ್ತು. ಒಂದನೇ ನಂಬರಿನ ಅಭ್ಯರ್ಥಿ ಇನ್ನೂ ಬಂದಿರಲಿಲ್ಲ. ಸಮಿತಿಯ ಉಳಿದ ಐವರು ಪಕ್ಕದ ಕೋಣೆಯಲ್ಲಿ ಕಾಫಿ ಕುಡಿಯುತ್ತಾ ನಿಂಬೆಯ ಸಿಹಿ ಬಿಲ್ಲೆ ತಿನ್ನುತ್ತಿದ್ದರು.

"ಪರದೆ ದಪ್ಪ ಇದೆ, ದನಿ ಈಚೆ ಬರುತ್ತೋ ಇಲ್ವೋ ನೋಡ್ಬೇಕು," ಅಂದ ಆಟೊ. "ಮಾರ್ವೆಟ್, ವಿಯೋಲ ತಂದಿದೀಯಾ?"

ತಂದಿದ್ದಳು. ಪೆಟ್ಟಿಗೆ ಬಿಚ್ಚಿ ಹೊರತೆಗೆದಳು.

ಪರದೆಯ ಹಿಂದೆ ಕುಳಿತಳು. ಏನೂ ಕಾಣುತ್ತಿರಲಿಲ್ಲ. ಆರು ಫೆಬ್ರವರಿಗಳಲ್ಲಿ ಮೊದಲ ವಯಲಿನ್‌ನ ಜೂಡಿತ್‌ಳನ್ನು ಅವಳು ಗಮನಿಸಿದ್ದಳು: ಶುರುಮಾಡುವ ಮೊದಲು ಆಕೆ ಮೂಗಿನಲ್ಲಿ ಗಿಡ್ಡ ಉಸಿರೆಳೆಯುತ್ತಾಳೆ, ಆಮೇಲೆ ಉಂಗುರದ ಬೆರಳು ವಯಲಿನ್ ಕತ್ತಿಗೆ ಟಕ್ ಎಂದು ತಾಗುತ್ತದೆ. ಉಸಿರು ಬಂತು, ಟಕ್ ಬಂತು. ಮಾರ್ವೆಟ್ ಕಮಾನು ಎಳೆದಳು. ನಾಲ್ಕು ದನಿ ಒಂದೇ ಬಾಗಿಲಿಂದ ಹೊರಬಂದ ಹಾಗೆ ಹೊರಟವು.

ದನಿ ಕೇಳಿ ಸಮಿತಿಯವರು ಬಾಯಿ ಒರೆಸಿಕೊಂಡು ಓಡಿ ಬಂದರು. ಮಾತಾಡಬಾರದೆಂಬ ನಿಯಮ ಅವರೇ ಮಾಡಿದ್ದು, ಮಾತಾಡಲಿಲ್ಲ. ಕುಳಿತು ಒಂದನೇ ನಂಬರಿನ ಹಾಳೆ ತೆಗೆದು ಅಂಕ ಬರೆಯತೊಡಗಿದರು. ಮಾರ್ವೆಟ್‌ಳ ಕುರ್ಚಿ ಖಾಲಿ ಇದ್ದದ್ದು ಕಂಡಿತು. ಕೈ ತೊಳೆಯಲು ಹೋಗಿರಬೇಕೆಂದು ಐವರೂ ಅಂದುಕೊಂಡರು. ಆಟೊ ಮಾತ್ರ ಇದನ್ನು ನೋಡಿದ. ನುಡಿಸುತ್ತಲೇ ಇದ್ದ, ನಿಲ್ಲಿಸಲಿಲ್ಲ.

ಮಿಕ್ಕ ಮೂವರು ಅಭ್ಯರ್ಥಿಗಳು ಬಂದು ಹೋದರು. ಒಬ್ಬ ಬೇಗ ಶುರುಮಾಡಿದ. ಒಬ್ಬ ಶುರುಮಾಡಲೇ ಇಲ್ಲ. ಇನ್ನೊಬ್ಬ ಎರಡು ಸಲ ತಪ್ಪಿ ಪರದೆಗೆ ಕ್ಷಮೆ ಕೇಳಿದ. ಸಮಿತಿಯ ಮೇಜಿಗೆ ಮರಳಿದ್ದ ಮಾರ್ವೆಟ್ ಮೂರು ಹಾಳೆ ತುಂಬಿದಳು. ಒಂದನೇ ನಂಬರಿನದು ಖಾಲಿ ಬಿಟ್ಟಳು, ಅವನು ಬಂದೇ ಇಲ್ಲವೆಂದು ಅವಳಿಗೆ ಗೊತ್ತಿತ್ತು.

ಮಿಸೆಸ್ ಹೇವರ್ಲಿ ಎದ್ದು ನಿಂತಳು. "ಒಂದನೇ ನಂಬರು, ನೂರಕ್ಕೆ ತೊಂಬತ್ತೆಂಟು. ಬೇರೆಯವರು ಐವತ್ತೂ ದಾಟಿಲ್ಲ." ಅಭಿಪ್ರಾಯಗಳನ್ನೂ ಓದಿದಳು. ಇದು ವಿಯೆನ್ನಾದಲ್ಲಿ ಕಲಿತ ಕೈ ಎಂದು ಸಮಿತಿಯಲ್ಲಿದ್ದ ದಂತವೈದ್ಯ ಬರೆದಿದ್ದ. ಮೂರು ತಲೆಮಾರಿನ ಸಂಸ್ಕಾರ ಎಂದು ವಕೀಲೆ. ಗ್ರಂಥಪಾಲಕನದು ಸ್ವಲ್ಪ ದುಃಖದಲ್ಲಿತ್ತು: ಅದ್ಭುತ, ಆದರೆ ಮತ್ತೆ ನಮ್ಮವರೇ ಒಬ್ಬರು ಗೆದ್ದರಲ್ಲ ಎಂದು ನಮ್ಮ ಉದ್ದೇಶ ನೆನೆದು ಬೇಸರವಾಗುತ್ತದೆ.

ಮಾರ್ವೆಟ್ ತನ್ನ ಖಾಲಿ ಹಾಳೆಯನ್ನು ನೋಡಿದಳು. ಮೇಜಿನ ಅಂಚು ಹಿಡಿದುಕೊಂಡಳು.

ಹಜಾರದ ಕಾವಲುಗಾರ ಬಂದು ಹೇಳಿದ, "ಮೇಡಂ, ಒಂದನೇ ನಂಬರಿನವರು ಫೋನ್ ಮಾಡಿದ್ರು. ಕಾರು ಬೆಳಿಗ್ಗೆಯಿಂದ ಹಳ್ಳದಲ್ಲಿದೆಯಂತೆ."

"ಹಾಗಾದ್ರೆ ನುಡಿಸಿದ್ದು ಯಾರು?"

"ನಿಮ್ಮ ಪಕ್ಕದಲ್ಲಿ ಕೂತಿದಾಳಲ್ಲ, ಅವಳು," ಅಂದ ಆಟೊ. "ವಿಯೆನ್ನಾ ಇಲ್ಲಿಂದ ಎಂಟು ಬೀದಿ ಆಚೆ ಇದೆ. ಇವಳತ್ತೆ ಕೂದಲ ಅಂಗಡಿ ಪಕ್ಕ."

ಗ್ರಂಥಪಾಲಕ ತನ್ನ ಹಾಳೆಯನ್ನು ಮೆಲ್ಲಗೆ ಮಗುಚಿಟ್ಟ. ಮೊದಲು ಚೇತರಿಸಿಕೊಂಡವಳು ಮಿಸೆಸ್ ಹೇವರ್ಲಿಯೇ.

"ಇದು ಸಮಿತಿಗೆ ಎಂಥ ಹೆಮ್ಮೆಯ ದಿನ. ನೋಡಿ, ಪರದೆ ಕೆಲಸ ಮಾಡಿತು." ಆಮೇಲೆ ದನಿ ತಗ್ಗಿಸಿದಳು. "ಆದ್ರೆ ಮಾರ್ವೆಟ್, ನೀವು ಸದಸ್ಯೆ. ನಿಯಮ ಮುರಿದ್ರೆ ನಾಳೆ ಜನ ನಿಮಗೇ ಅನ್ನೋದು, ಬಣ್ಣ ನೋಡಿ ಕೊಟ್ಟರು ಅಂತ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ. ಈ ವರ್ಷ ಕುರ್ಚಿ ಖಾಲಿ ಇರ್ಲಿ. ನೀವೇ ಬದಲಿಯಾಗಿ ಬಂದು ನುಡಿಸ್ತಾ ಇರಿ. ಫೆಬ್ರವರಿ ಅಂತೂ ಹತ್ರ ಬಂತು."

ಮಾರ್ವೆಟ್ ಕೊರಳಲ್ಲಿದ್ದ ಸಮಿತಿಯ ಗುರುತಿನ ಪಟ್ಟಿ ತೆಗೆದಳು. ಅದು ಅತ್ತೆ ಹೆಣೆದ ಜಡೆಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ಹೊತ್ತು ಹಿಡಿಯಿತು. ಎಲ್ಲರೂ ಕಾದರು.

"ನಾನು ಸಮಿತಿ ಬಿಡ್ತೀನಿ," ಅಂದಳು. ದನಿ ಅವಳಿಗೇ ಸರಿಯಾಗಿ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದಳು.

"ನೀವು ಬಿಟ್ಟರೆ ಸಮಿತಿ ಊರ್ಜಿತವೇ ಆಗಲ್ಲ," ಎಂದಳು ಮಿಸೆಸ್ ಹೇವರ್ಲಿ. "ನಮ್ಮಲ್ಲಿ ಬೇರೆ ಯಾರೂ..." ಅಲ್ಲಿಗೆ ನಿಲ್ಲಿಸಿದಳು. ಏನು ಹೇಳಿದೆನೆಂದು ಆಕೆಗೇ ತಿಳಿಯಿತು.

ಆಟೊ ಕನ್ನಡಕ ಸರಿಮಾಡಿಕೊಂಡ. "ಸಮಿತಿ ಇಲ್ಲ ಅಂತಾಯ್ತು. ಹಾಗಾದ್ರೆ ಆರಿಸೋರು ನಾವು ಮೂರು ಜನ. ಜೂಡಿತ್?"

ಜೂಡಿತ್ ತಲೆಯಾಡಿಸಿದಳು. ಎರಡನೇ ವಯಲಿನ್‌ನವನು ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ. "ಇಷ್ಟು ಹೊತ್ತು ಬೇಕಿತ್ತಾ," ಅಂದ ಅಷ್ಟೆ.

ಮಾರ್ವೆಟ್ ಪರದೆಯ ಹಿಂದೆ ಹೋದಳು. ತಾನು ಕುಳಿತಿದ್ದ ಕುರ್ಚಿಯನ್ನು ಎತ್ತಿ ಈಚೆ ತಂದಳು. ಮೂವರ ನಡುವೆ ಇಟ್ಟು ಕುಳಿತು ವಿಯೋಲ ಶ್ರುತಿ ಮಾಡಿಕೊಂಡಳು.

ಮಿಸೆಸ್ ಹೇವರ್ಲಿ ಫೋನು ಹಿಡಿದು ಹತ್ತಿರ ಬಂದಳು. ಆಕೆಯ ಕಣ್ಣಲ್ಲಿ ನಿಜಕ್ಕೂ ನೀರಿತ್ತು. "ಒಂದು ಫೋಟೋ, ಮಾರ್ವೆಟ್. ನಮ್ಮ ಸಮಿತಿಯ ಶ್ರಮ ಫಲ ಕೊಟ್ಟಿತು ಅಂತ ಸಭೆಯ ಕ್ಯಾಲೆಂಡರಿನ ಫೆಬ್ರವರಿ ಪುಟದಲ್ಲಿ ಹಾಕ್ಬೇಕು."

"ನವೆಂಬರ್ ಪುಟಕ್ಕೆ ಹಾಕಿ ಮೇಡಂ," ಅಂದಳು ಮಾರ್ವೆಟ್, ಮತ್ತು ಜೂಡಿತ್‌ಳ ಉಸಿರಿಗಾಗಿ ಕಾದಳು.