ಚಟ್ಟ ತಿರುಗುವಷ್ಟು ಜಾಗ

ಆಂಬುಲೆನ್ಸಿನ ಹಿಂಬಾಗಿಲು ತೆರೆಯಲು ಹೊರಟ ನಾಗೇಶನ ಕೈಯನ್ನು ಮನೆಯೊಡೆಯ ಅನಂತಮೂರ್ತಿಗಳು ಮೆಲ್ಲಗೆ ಹಿಡಿದುಕೊಂಡರು.

"ಇಲ್ಲಿ ಇಳಿಸೂದು ಬ್ಯಾಡ ನಾಗೇಶ. ಎಂಟು ದಿವ್ಸಕ್ಕೆ ಮಗಳ ಮದ್ವೆ. ಅಂಗಳಕ್ಕೆ ಚಪ್ಪರದ ಕಂಬ ನೆಟ್ಟಾಗದೆ. ನೀವೇ ಹೇಳಿ, ನಾ ಎಂತ ಮಾಡೂದು?"

ಒಳಗೆ ಸತ್ತ ಹೆಂಡತಿ ಮಂಜಿಯ ತಲೆಯ ಬಳಿ ಕೂತಿದ್ದ ಹೊನ್ನುವಿಗೆ ಮಾತು ಸ್ಪಷ್ಟವಾಗಿ ಕೇಳಿಸಿತು. ಸಿಟ್ಟು ಬರಲಿಲ್ಲ. ಅನಂತಮೂರ್ತಿಗಳು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಒರಟಾಗಿ ಮಾತಾಡಿದವರಲ್ಲ. ಬಾಡಿಗೆ ಮನೆಯಲ್ಲಿ ಬದುಕಲು ಜಾಗ ಸಿಗುತ್ತದೆ, ಸಾಯಲು ಸಿಗುವುದಿಲ್ಲ, ಅಷ್ಟೇ.

"ಸೀದಾ ಮಸಣಕ್ಕೇ ಹೋಗ್ವ ಭಾವ," ಎಂದ ನಾಗೇಶ. ಅವನು ಮಂಜಿಯ ತಮ್ಮ. "ಗುರುವಾರ ಮಂತ್ರಿ ಬಂದು ಹೊಸ ಮನೆ ಕೀಲಿಕೈ ಕೊಡೂರಿದ್ರು. ಇನ್ನು ನಾಕೇ ದಿವ್ಸ. ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ ನಮ್ಮಕ್ಕಂಗೆ."

ಹೊನ್ನು ತಲೆಯಾಡಿಸಲಿಲ್ಲ. ಅವನಿಗೆ ಬೇಕಾದದ್ದು ಒಂದೇ ಒಂದು: ಮಂಜಿ ತನ್ನದೇ ಹೊಸಿಲು ದಾಟಿ ಹೋಗಬೇಕು.

*

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಗವಂಡಿ ಹೊನ್ನು ಅಗಸೂರಿನಿಂದ ಹಟ್ಟಿಕೇರಿಯವರೆಗೆ ಮಂದಿಯ ಮನೆಗಳನ್ನು ಕಟ್ಟಿ ನೋಡಿದವನೇ. ತನಗಾಗಿ ಮಾತ್ರ ಒಂದು ಚಿರೆಕಲ್ಲನ್ನೂ ಇಟ್ಟವನಲ್ಲ.

ಅವನ ತಾಯಿ ಸತ್ತಾಗ ಇದ್ದದ್ದು ಬೇರೊಂದು ಬಾಡಿಗೆ ಮನೆ. ಅಲ್ಲಿಯೂ ಇದೇ ಮಾತಾಗಿತ್ತು. ಹೆದ್ದಾರಿಯ ಬದಿಯಲ್ಲಿ ತಾಡಪಾಲು ಕಟ್ಟಿ, ಲಾರಿಯ ಧೂಳಿನಲ್ಲಿ ಮುದುಕಿಗೆ ಕೊನೆಯ ನೀರು ಹಾಕಿದ್ದರು. ದಾರಿಹೋಕರು ನೋಡದಿರಲೆಂದು ಮಂಜಿ ತನ್ನ ಸೀರೆಯೊಂದನ್ನು ಅಡ್ಡ ಹಿಡಿದು ನಿಂತಿದ್ದಳು. ಕೈ ನೋಯುತ್ತಿದ್ದರೂ ಬೇರೆ ಯಾರಿಗೂ ಕೊಟ್ಟಿರಲಿಲ್ಲ.

"ನಾ ಸತ್ರೆ ಹಿಂಗೆ ರಸ್ತೆ ಮೇಲೆ ತೊಳೂಕಾಗ," ಎಂದಿದ್ದಳು ಸಂಜೆಗೆ. "ಮನೆ ಮಾಡೂದೇ ಸೈ."

ಮಾವಿನಹಣ್ಣು, ಹರಿವೆಸೊಪ್ಪು ಮಾರುತ್ತಿದ್ದ ಹೆಂಗಸು ಹೊಸಗದ್ದೆ ಪಟ್ಟಣ ಪಂಚಾಯಿತಿಗೆ ಚುನಾವಣೆಗೆ ನಿಂತಳು, ಗೆದ್ದಳು. ಗುತ್ತಿಗೆದಾರರು ಕಟ್ಟಿಕೊಟ್ಟ ಹಳೆಯ ಮನೆಗಳು ಮೊದಲ ಮಳೆಗೇ ಸೋರಿದ್ದನ್ನು ಸಭೆಯಲ್ಲಿ ಎತ್ತಿದಳು. ಇನ್ನು ಮನೆ ಕಟ್ಟುವುದು ಪಂಚಾಯಿತಿಯದೇ ಕಂಪನಿ, ಊರಿನದೇ ಗವಂಡಿಗಳು ಎಂದು ಹಟ ಹಿಡಿದಳು. ಚರಂಡಿಯ ಹೂಳು ಎತ್ತಲಾಗದವರು ಕಂಪನಿ ತೆರೆಯುತ್ತಾರಂತೆ ಎಂದು ಪೇಟೆ ತುಂಬ ನಗೆಯಾಯಿತು. ಮಂಜಿಯೂ ನಕ್ಕಳು, ನಗುತ್ತಲೇ ಎರಡು ವರ್ಷ ಸದಸ್ಯರ ಮನೆ ಮನೆ ಅಲೆದಳು. ಕೊನೆಗೆ ಕಂಪನಿಯಾಯಿತು, ಅದಕ್ಕೆ ಐವರು ನಿರ್ದೇಶಕರಾದರು. ಅವರಲ್ಲಿ ಒಬ್ಬಳು ಮಂಜಿ.

*

ಆಂಬುಲೆನ್ಸ್ ಬಾಳೆಗುಳಿ ಕೂಡುರಸ್ತೆಯ ಮರದ ನೆರಳಿನಲ್ಲಿ ನಿಂತಿತು. ಹೊನ್ನುವಿನ ಮಗಳು ಭವ್ಯಾ ಕಂಪನಿಯ ಇಂಜಿನಿಯರ್ ಅನಘಾಗೆ ಫೋನ್ ಮಾಡಿದ್ದಳು. ಅನಘಾ ಸ್ಕೂಟರಿನಲ್ಲಿ ಬಂದಳು. ಹಿಂದೆಯೇ ಮೀನು ಮಾರುವ ನಾಗಿ ರಿಕ್ಷಾದಲ್ಲಿ ಬಂದಳು. ಕಂಪನಿ ಕಟ್ಟಿದ ಇಪ್ಪತ್ತನಾಲ್ಕು ಹೊಸ ಮನೆಗಳಲ್ಲಿ ಮೂರನೆಯದು ನಾಗಿಗೆ, ಹದಿನೇಳನೆಯದು ಮಂಜಿಗೆ ಬಂದಿತ್ತು.

"ಕೀಲಿಕೈ ಮುಖ್ಯಾಧಿಕಾರಿ ಹತ್ರ ಅದೆ. ನಾ ಕೇಳ್ತೆ," ಎಂದಳು ಅನಘಾ.

ಹೊನ್ನು ಮೊದಲ ಸಲ ಬಾಯಿಬಿಟ್ಟ. "ಅದಲ್ಲ ಅಮ್ಮ. ಇನ್ನೂ ಹೊಕ್ಕಲು, ಗೃಹಪ್ರವೇಶ ಆಗದ ಮನೆಗೆ ಮೊದ್ಲು ಹೆಣ ಹೋದ್ರೆ, ಉಳಿದೋರು ಅಲ್ಲಿ ಇರೂಕೆ ಒಪ್ತಾರಾ? ಅವ್ಳು ಕಟ್ಟಿದ ಕೇರಿ ಅವ್ಳಿಂದ್ಲೇ ಹಾಳ್ ಬೀಳೂಕಾಗ."

ಆ ಭಯ ನಾಗೇಶನದೂ ಆಗಿತ್ತು.

ನಾಗಿ ಎಲೆಯಡಿಕೆಯ ಕವಳ ಉಗಿದು ಬಾಯಿ ಒರೆಸಿಕೊಂಡಳು. "ಹಾಲು ಉಕ್ಸಿದ್ರೆ ಹೊಕ್ಕಲಾಯ್ತಲ್ಲ? ನಾ ಉಕ್ಸ್ತೆ. ಒಂದೇ ಮನೆ ತೆಗೆದ್ರೆ ಅದು ಹೆಣದ ಮನೆ ಆತದೆ. ಇಪ್ಪತ್ನಾಕೂ ತೆಗೀರಿ, ಕೇರಿ ಆತದೆ. ಕೇರೀಲಿ ಹುಟ್ಟೂದೂ ಅದೆ, ಸಾಯೂದೂ ಅದೆ."

ಅನಘಾ ಮುಖ್ಯಾಧಿಕಾರಿ ಯೋಗೇಶರಿಗೆ ಫೋನ್ ಹಚ್ಚಿದಳು. ಆಚೆಯಿಂದ ಮಂತ್ರಿ, ಗುರುವಾರ, ಶಿಷ್ಟಾಚಾರ ಎಂಬ ಮಾತುಗಳು ಬಹಳ ಹೊತ್ತು ಬಂದವು.

"ಸರ್, ಮಂಜಿಯಮ್ಮ ಕಂಪನಿ ಡೈರೆಕ್ಟರು," ಎಂದಳು ಅನಘಾ ಕೊನೆಗೆ. "ಡೈರೆಕ್ಟರನ್ನೇ ಹೊರಗೆ ನಿಲ್ಸಿ ನಾವು ಯಾರಿಗೆ ಕೀಲಿಕೈ ಕೊಡೂದು?"

*

ಈ ಅನಘಾಳನ್ನು ಮಂಜಿ ಮೊದಲು ಕಂಡದ್ದು ನಕ್ಷೆಯ ದಿನ. ಹುಡುಗಿ ಮೂರು ಅಂತಸ್ತಿನ ಕಟ್ಟಡವನ್ನು ಚಂದವಾಗಿ ಬರೆದು ತಂದಿದ್ದಳು. ಮಂಜಿ ಕೇಳಿದ್ದು ಒಂದೇ ಪ್ರಶ್ನೆ: "ಸತ್ತೋರನ್ನ ಎಲ್ಲಿ ಮಲಗ್ಸೂದು?"

ಮರುದಿನ ಅನಘಾ ಸಂತೆಕಟ್ಟೆಯ ನೆಲದ ಮೇಲೆ ಸುಣ್ಣದಲ್ಲಿ ಮನೆಯ ಗೆರೆಗಳನ್ನು ಅಳತೆಗೆ ಸರಿಯಾಗಿ ಎಳೆಸಿದಳು. ಮಂಜಿ ಒಂದು ಏಣಿ ತರಿಸಿ ಅದರ ಮೇಲೆ ಗಂಡನನ್ನು ಮಲಗಿಸಿದಳು.

"ಕಣ್ ಮುಚ್ಚಿ. ಹೆಣ ನಗೂದಿಲ್ಲ."

ನಾಲ್ವರು ಹೊತ್ತು ಸುಣ್ಣದ ಬಾಗಿಲು ದಾಟಿದರು. ಮೆಟ್ಟಿಲಿನ ತಿರುವಿನಲ್ಲಿ ಏಣಿ ಸಿಕ್ಕಿಬಿತ್ತು. ಓರೆ ಮಾಡಿದರೆ ಹೊನ್ನು ಜಾರುತ್ತಿದ್ದ, ನೆಟ್ಟಗೆ ಮಾಡಿದರೆ ಗೆರೆ ದಾಟುತ್ತಿತ್ತು. ಸಂತೆಗೆ ಸಂತೆಯೇ ನಿಂತು ನಕ್ಕಿತು. ಅನಘಾ ಮಾತ್ರ ನಗಲಿಲ್ಲ, ಪೊರಕೆ ತಂದು ಸುಣ್ಣವನ್ನು ತಾನೇ ಅಳಿಸಿದಳು. ಒಂದು ವಾರದ ಮೇಲೆ ಸಾಲುಮನೆಗಳ ಹೊಸ ನಕ್ಷೆ ಬಂತು. ಪ್ರತಿ ಮನೆಗೂ ಜಗಲಿ, ತುಳಸಿಕಟ್ಟೆಯ ಅಂಗಳ, ನೇರಕ್ಕೆ ಅಗಲವಾದ ಬಾಗಿಲು. ಆ ಇಪ್ಪತ್ತನಾಲ್ಕು ಮನೆಗಳ ಗೋಡೆ ಎಬ್ಬಿಸಿದವರಲ್ಲಿ ಹೊನ್ನುವೂ ಒಬ್ಬ.

*

ಹತ್ತು ಗಂಟೆಯ ಹೊತ್ತಿಗೆ ಯೋಗೇಶರು ಕೀಲಿಕೈಗಳ ಗೊಂಚಲು ಹಿಡಿದು ಬಂದರು. ಉದ್ಘಾಟನೆಗೆಂದು ನಿಲ್ಲಿಸಿದ್ದ ಕಮಾನಿನ ಕೆಳಗೆ ಚಪ್ಪಲಿ ಬಿಟ್ಟು, ಒಂದೊಂದೇ ಬೀಗ ತೆಗೆದರು. ಸುದ್ದಿ ಕೇಳಿ ಬಂದ, ಮನೆ ಸಿಕ್ಕಿದ್ದ ಹೆಂಗಸರು ಕೈಯಲ್ಲಿ ಹಾಲು ಹಿಡಿದಿದ್ದರು. ಕೆಲವರ ತಲೆಯ ಮೇಲೆ ಸ್ಟೋವೂ ಇತ್ತು. ಇಪ್ಪತ್ತನಾಲ್ಕೂ ಮನೆಗಳಲ್ಲಿ ಹಾಲು ಉಕ್ಕಿತು. ನಾಗಿ ಹದಿನೇಳರಲ್ಲಿ ಉಕ್ಕಿಸಿ, ಹೊರಗೆ ಬಂದು ಆಂಬುಲೆನ್ಸಿಗೆ ಕೈ ಬೀಸಿದಳು. ಆಮೇಲೆ ಎಲ್ಲ ಒಲೆಗಳೂ ಆರಿದವು. ಹೆಣ ಇರುವಾಗ ಕೇರಿಯಲ್ಲಿ ಒಲೆ ಉರಿಯುವಂತಿಲ್ಲ.

ಮಂಜಿಯನ್ನು ಜಗಲಿಯ ಮೇಲೆ ಮಲಗಿಸಿದರು. ಅಂಗಳದ ತುಳಸಿಯ ಎದುರು ಕೊನೆಯ ನೀರು ಹಾಕಿದರು. ಯಾರೂ ಸೀರೆ ಅಡ್ಡ ಹಿಡಿಯಬೇಕಾಗಲಿಲ್ಲ, ಸುತ್ತ ಗೋಡೆಯಿತ್ತು. ಒಳಕೋಣೆಗೆ ಒಯ್ದು ಹೊಸ ಸೀರೆ ಉಡಿಸಿದರು.

ಚಟ್ಟ ಎತ್ತುವಾಗ ಹೊನ್ನು ಮುಂದಿನ ಹೆಗಲು ಕೊಟ್ಟ. ಒಳಕೋಣೆಯಿಂದ ಹೊಸಿಲು, ಹೊಸಿಲಿನಿಂದ ಜಗಲಿ. ಓರೆಯಾಗಲಿಲ್ಲ, ಎಲ್ಲೂ ತಾಗಲಿಲ್ಲ. ಬಾಗಿಲಿನ ಎರಡೂ ಬದಿಗೆ ಒಂದೊಂದು ಗೇಣು ಜಾಗ ಮಿಕ್ಕಿತ್ತು. ಹೊನ್ನುವಿನ ಕಣ್ಣಲ್ಲಿ ನೀರು ಬಂತು, ಜೊತೆಗೇ ಎದೆ ಸೆಟೆಯಿತು. ಗೆದ್ದಳು ಅವಳು, ಎಂದುಕೊಂಡ.

"ಸರಾಗ ಹೋದ್ಲು," ಎಂದಳು ನಾಗಿ ಹಿಂದಿನಿಂದ.

ಮಸಣದಿಂದ ಮರಳುವಾಗ ಮಧ್ಯಾಹ್ನವಾಗಿತ್ತು. ಕಮಾನು ದಾಟುವ ಮೊದಲೇ ಕುಕ್ಕರಿನ ಸೀಟಿ ಕೇಳಿಸಿತು. ಒಂದು, ಆಮೇಲೆ ಇನ್ನೊಂದು, ಆಮೇಲೆ ಸಾಲು ಸಾಲಾಗಿ. ಸತ್ತವರ ಮನೆಯಲ್ಲಿ ಆ ದಿನ ಒಲೆ ಹಚ್ಚುವುದಿಲ್ಲ, ನೆರೆಯವರು ಗಂಜಿ ತಂದುಕೊಡಬೇಕು. ಬಾಡಿಗೆಯ ನಲವತ್ತು ವರ್ಷದಲ್ಲಿ ಹೊನ್ನುವಿಗೆ ನೆರೆ ಎಂಬುದು ಗಟ್ಟಿಯಾಗಿ ಸಿಕ್ಕಿರಲೇ ಇಲ್ಲ.

ಒದ್ದೆ ಪಂಚೆಯಲ್ಲಿ ಅವನು ತನ್ನ ಮನೆಯ ಮುಂದೆ ಬಂದು ನಿಂತ. ಜಗಲಿಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಈ ಗೋಡೆಯಿಂದ ಆ ಗೋಡೆಯವರೆಗೆ ಗಂಜಿಯ ಪಾತ್ರೆಗಳು, ಇಪ್ಪತ್ತಮೂರು ಮನೆಯವು, ಮುಚ್ಚಳಗಳೆಲ್ಲ ಹಬೆಗೆ ಸಣ್ಣಗೆ ಕುಣಿಯುತ್ತಿದ್ದವು.